ಬಲಗೈ

ಕತಾನಿಯಾದ ಮೀನುಪೇಟೆಯ ಹಿಂದೆ
ಕಪ್ಪು ಕಲ್ಲಿನ ಓಣಿಯಲ್ಲಿ ನಮ್ಮ ಬೊಂಬೆಮನೆ.
ಗಾಳಿ ಈ ಕಡೆ ತಿರುಗಿದ ದಿನ
ಬೆಟ್ಟದ ಬೂದಿ ಬಂದು ಬೆಂಚುಗಳ ಮೇಲೆ ಕೂತಿರುತ್ತದೆ,
ಜನರಿಗಿಂತ ಮೊದಲೇ, ಟಿಕೆಟ್ಟಿಲ್ಲದೆ.

ಅರ್ಮಿಂದೋ ಎಡಗಡೆಯಿಂದ, ಗ್ರಿಫೋರ್ತೆ ಬಲಗಡೆಯಿಂದ.
ಇಬ್ಬರೂ ನನ್ನ ಎದೆಮಟ್ಟ, ಇಬ್ಬರೂ ಮೂವತ್ತು ಕಿಲೋ,
ಇಬ್ಬರ ಗಂಟಲೂ ಅಪ್ಪನದೇ:
ಒಳ್ಳೆಯವನಿಗೆ ಎದೆಯಿಂದ, ಕೆಟ್ಟವನಿಗೆ ಮೂಗಿನಿಂದ.
ನೆಗಡಿಯಾದ ವಾರ ಊರಿಗೆಲ್ಲ ಗೊಂದಲ.
ಸೆರೆಯಲ್ಲಿ ಅಳುವ ರಾಜಕುಮಾರಿ ನಾನು,
ಪರದೆಯ ಹಿಂದೆ, ಬಟಾಣಿ ಸುಲಿಯುತ್ತ.

ಕಥೆ ನಿಮಗೂ ಗೊತ್ತಿರುವುದೇ.
ಒಂದೇ ದಾದಿಯ ಹಾಲು ಕುಡಿದವರು.
ನಡುವೆ ಒಂದು ಕುದುರೆ, ಒಂದು ಹುಡುಗಿ, ಒಂದು ಸುಳ್ಳು ಓಲೆ,
ಆಮೇಲೆ ನೂರಾ ಹನ್ನೆರಡು ರಾತ್ರಿ ಬರೀ ಕತ್ತಿ.
"ನನ್ನ ಕಡೆ ಬಾ, ಅರ್ಧ ರಾಜ್ಯ ನಿನ್ನದು" ಅನ್ನುತ್ತಾನೆ ಇವನು.
ಅವನು ಪ್ರತಿ ಸಲ ತಲೆಯಾಡಿಸಿ ಒಲ್ಲೆನೆನ್ನುತ್ತಾನೆ;
ನೆತ್ತಿಯಲ್ಲಿ ಕಬ್ಬಿಣದ ಸರಳು ಹಾದುಹೋದವನಿಗೆ
ಬೇರೆ ಉತ್ತರ ಕಷ್ಟವೇ.
ಕೊಲ್ಲಬಹುದಾದ ಒಂಬತ್ತು ರಾತ್ರಿ ಕೊಲ್ಲದೆ ಬಿಡುತ್ತಾನೆ.
ಅದು ಧರ್ಮ, ಅನ್ನುತ್ತದೆ ಮುಂದಿನ ಬೆಂಚು.
ಕೊಂದರೆ ನಾಳೆ ಒಲೆಗೇನು, ಅನ್ನುತ್ತಾನೆ ಅಪ್ಪ.

ನನಗಿಷ್ಟ ನಲವತ್ತಮೂರನೆಯ ರಾತ್ರಿ.
ಇಬ್ಬರೂ ಒಂದೇ ಹಾಳುಬಾವಿಗೆ ಬೀಳುತ್ತಾರೆ.
ಒಂದೇ ರೊಟ್ಟಿ. ಒಂದೇ ಹಗ್ಗ.
ಕತ್ತಿ ಕೆಳಗಿಡಲು ಬರುವುದಿಲ್ಲ; ನಮ್ಮೂರ ಬೊಂಬೆಗಳ
ಬಲಮುಷ್ಟಿ ಅದನ್ನು ಹಿಡಿದೇ ಹುಟ್ಟಿದ್ದು.
ಮೊಣಕಾಲು ಮಡಿಸಲೂ ಬಾರದು.
ಕತ್ತಿ ದೂರಕ್ಕೆ ಚಾಚಿ, ನಿಂತಲ್ಲೇ,
ಭುಜಕ್ಕೆ ಭುಜ ಕೊಟ್ಟು ನಿದ್ದೆಹೋಗುತ್ತಾರೆ.
ಅಪ್ಪನೂ ಆಗ ಸುಮ್ಮನೆ.
ತಗಡಿಗೆ ತಗಡು ತಾಕಿದ ಸಣ್ಣ ಸದ್ದು, ಅಷ್ಟೇ.
ಮೇಲೆ ಸರಳು ಹಿಡಿದ ನಿರೀಯ, ಪೇತ್ರು,
ಸತ್ತ ತಾಯಿಯ ಹೊಲಿಗೆಯಂತ್ರಕ್ಕೆ ಜಗಳವಾಡಿ
ಹನ್ನೊಂದು ವರ್ಷ ಮಾತು ಬಿಟ್ಟ ಅಣ್ಣತಮ್ಮ,
ಒಬ್ಬನ ಉಸಿರಿಗೆ ಇನ್ನೊಬ್ಬ ಕಾಯುತ್ತಾನೆ.

ಉಪ್ಪುಮೀನಿನ ಯಾಪಿಕು ಬರುವುದೇ ಬೂಟು ಎಸೆಯಲು.
ಗ್ರಿಫೋರ್ತೆಯ ಮೂಗು ಎರಡು ಸಲ ಹಾರಿದೆ,
ಎರಡು ಸಲವೂ ಅಂಟಿಸಿ ಬಣ್ಣ ಬಳಿದವಳು ನಾನು.
ಬೆಳಿಗ್ಗೆ ಒಂಟಿ ಬೂಟಿನಲ್ಲಿ ಬಾಗಿಲಿಗೆ ಬಂದು ಕೆಮ್ಮುತ್ತಾನೆ:
"ಅವನಿಗೆ ಜೋರಾಗಿ ತಾಗಿತೇನಮ್ಮ, ಅಗತೀನಾ?"
ಒಮ್ಮೆ ಕಾಗದದಲ್ಲಿ ಸುತ್ತಿದ ಮೀನಿನ ತುಂಡೂ ತಂದಿದ್ದ.
ಯಾರಿಗೆಂದು ಹೇಳಲಿಲ್ಲ.

ಒಂದು ಗುಟ್ಟಿದೆ.
ಅರವತ್ತನೆಯ ರಾತ್ರಿ ಅರ್ಮಿಂದೋನ ಬಲಗೈ
ಭುಜದಲ್ಲೇ ಸೀಳಿತು. ಒಳಗೆಲ್ಲ ಹುಳು.
ಬಡಗಿಯಲ್ಲಿ ಹಳೇ ಬಾಕಿ, ಮರುದಿನ ಭಾನುವಾರ.
ಅಪ್ಪ ಗ್ರಿಫೋರ್ತೆಯನ್ನು ಮಡಿಲಲ್ಲಿ ಮಲಗಿಸಿಕೊಂಡ,
ಏನೋ ಗೊಣಗಿದ, ಮೊಳೆ ಕಿತ್ತು ಅವನ ಬಲಗೈ ಬಿಚ್ಚಿ
ನಾಯಕನಿಗೆ ಜೋಡಿಸಿದ.
ಖಳನಿಗೆ ಹಣ್ಣಿನ ಪೆಟ್ಟಿಗೆಯ ಹಲಗೆ,
ಎಷ್ಟು ಅರಗು ಬಳಿದರೂ ಕಿತ್ತಳೆ ವಾಸನೆ ಬಿಡದ ಕೈ.

ಆವತ್ತಿನಿಂದ ದೈತ್ಯನ ತಲೆ ತೆಗೆದದ್ದು,
ಕೋಟೆಯ ಕದ ಒಡೆದು ನನ್ನನ್ನು ಬಿಡಿಸಿದ್ದು
ಯಾರೆಂದು ಊರಿಗೆ ಗೊತ್ತಿಲ್ಲ.
ನಾನು ಮಾತ್ರ ಪರದೆಯ ಹಿಂದಿನಿಂದ
"ನನ್ನ ವೀರಾ" ಎನ್ನುವಾಗ
ಮುಖ ಬಿಟ್ಟು ಕೈ ನೋಡುತ್ತೇನೆ.

ಕೊನೆಯ ರಾತ್ರಿ ಆ ಕೈ ಮೇಲೆದ್ದಿತು,
ತನ್ನ ಹಳೆಯ ಭುಜದ ಮೇಲೇ ಇಳಿಯಿತು.
ಪೇತ್ರು ಗ್ರಿಫೋರ್ತೆಯನ್ನು ಬೀಳಿಸಬೇಕಿತ್ತು, ಧೊಪ್ಪೆಂದು,
ಹಲಗೆ ನಡುಗುವಂತೆ, ಎಂದಿನಂತೆ.
ಆಗ ನಿರೀಯನ ಬಾಯಿಂದ, ಹನ್ನೊಂದು ವರ್ಷದ ಮೇಲೆ,
ಒಂದು ಮಾತು:
"ಮೆಲ್ಲಗೆ."
ಬೊಂಬೆಗೋ, ತಮ್ಮನಿಗೋ.

ಮರುಬೆಳಿಗ್ಗೆ ಯಾಪಿಕು ಬಂದ,
ಕಾಲಲ್ಲಿ ಎರಡೂ ಬೂಟು.
ಅಕ್ಕಪಕ್ಕದ ಗೂಟಕ್ಕೆ ತೂಗುತ್ತಿದ್ದ ಇಬ್ಬರನ್ನೂ
ಬಹಳ ಹೊತ್ತು ನೋಡಿ ಕೇಳಿದ:
"ಮತ್ತೆ ಒಂದನೇ ರಾತ್ರಿ ಯಾವಾಗ?"